ತಕ್ಕಡಿ ಭೈರೇಶನ ಜಪಾನಿ ಆಟ

ತರೀಕೆರೆಯ ಮಂಡಿಗಳಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಕೆಟ್ಟರೆ ಭೈರೇಶನೇ ಬೇಕು. ಬಸ್‌ಸ್ಟ್ಯಾಂಡ್ ಹಿಂದೆ ಅವನದು ಒಂದೇ ಬಾಗಿಲಿನ ಅಂಗಡಿ. ತಕ್ಕಡಿ ಕೆಟ್ಟಾಗಲೆಲ್ಲ ಅದು ವ್ಯಾಪಾರಿಯ ಲಾಭದ ಕಡೆಗೇ ಯಾಕೆ ವಾಲುತ್ತದೆ ಎಂದು ಇಪ್ಪತ್ತು ವರ್ಷದಲ್ಲಿ ಒಬ್ಬರನ್ನೂ ಕೇಳಿದವನಲ್ಲ. ಸುಮ್ಮನೆ ಸರಿಮಾಡಿ ಕೊಡುತ್ತಾನೆ. ಅಂಥ ಗಟ್ಟಿ ಆಸಾಮಿ ಒಂದು ಭಾನುವಾರ ಬೆಳಿಗ್ಗೆ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ ಮುಂದಿಟ್ಟುಕೊಂಡು ಬೆವರುತ್ತಿದ್ದ.

ಅದು ಟಿವಿಗೆ ಹಾಕಿ ಆಡುವ ಹಳೇ ಜಪಾನಿ ಆಟದ ಕ್ಯಾಸೆಟ್. ಕತ್ತಿ ಹಿಡಿದ ಹುಡುಗನೊಬ್ಬ ಊರೂರು ಅಲೆದು, ರಾಕ್ಷಸರನ್ನು ಹೊಡೆದು, ಬಲ ಗಳಿಸುತ್ತಾ ಹೋಗುವ ಕತೆ. ಭೈರೇಶ ಹುಡುಗನಾಗಿದ್ದಾಗ, ಶಿವಮೊಗ್ಗದಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಅಪ್ಪ ಉಗ್ರಪ್ಪ ಆಡಿಸುವ ಯಂತ್ರದ ಸಮೇತ ತಂದುಕೊಟ್ಟಿದ್ದ. ಜಪಾನಿ ಅಕ್ಷರ ಒಂದೂ ತಿಳಿಯದೆ ಭೈರೇಶ ಮತ್ತವನ ತಂಗಿ ಭುವನಾ ಎರಡು ವರ್ಷ ಆಡಿ ಕೊನೆಯ ರಾಕ್ಷಸನ ಬಾಗಿಲು ಮುಟ್ಟಿದ್ದರು. ಅವನನ್ನು ಗೆಲ್ಲುವ ಮೊದಲೇ ಆಡಿಸುವ ಯಂತ್ರ ಕೆಟ್ಟು ಇಪ್ಪತ್ತೈದು ವರ್ಷ ಮೂಲೆ ಸೇರಿತ್ತು. ಹೋದ ತಿಂಗಳು ಭೈರೇಶ ಅದನ್ನು ರಿಪೇರಿ ಮಾಡಿದ.

ಆದರೆ ಅಲ್ಲಿಯವರೆಗಿನ ಆಟವನ್ನೆಲ್ಲ ನೆನಪಿಟ್ಟುಕೊಂಡಿದ್ದು ಕ್ಯಾಸೆಟ್ಟಿನೊಳಗಿನ ಬಟನ್ ಸೆಲ್. ಮೀಟರ್ ಹಿಡಿದರೆ ಅದು ಈಗಲೋ ಆಗಲೋ ಎನ್ನುತ್ತಿತ್ತು. ಸೆಲ್ ಸತ್ತರೆ ಎರಡು ವರ್ಷದ ಆಟವೂ ಹೋದಂತೆ. ಅಜ್ಜಂಪುರದಿಂದ ಭುವನಾಳನ್ನು ಮೊದಲ ಬಸ್ಸಿಗೇ ಕರೆಸಿದ್ದ.

"ದಿನಾ ಮಾಡೋ ಕೆಲ್ಸ ಅಲ್ವೇನಣ್ಣ? ಇದಕ್ಯಾಕೆ ಇಷ್ಟೊತ್ತು?"

"ಮಂಡಿಯೋರ ತಕ್ಕಡಿ ಆಗಿದ್ರೆ ಇಷ್ಟೊತ್ತಿಗೆ ಮುಗೀತಿತ್ತು. ಸುಮ್ನೆ ಟಾರ್ಚ್ ಹಿಡಿಯೇ."

ತಕ್ಕಡಿಯ ನೆನಪು ಅಳಿಯದಂತೆ ಸೆಲ್ ಬದಲಿಸಲು ಅವನದೊಂದು ಕ್ರಮವಿದೆ. ಹಳೆಯದನ್ನು ಕೀಳುವ ಮೊದಲೇ ಹೊಸದನ್ನು ಎರಡು ತಂತಿಯಲ್ಲಿ ಜೋಡಿಸಿಬಿಡುತ್ತಾನೆ. ಕ್ಷಣವೂ ಖಾಲಿ ಬಿಡುವುದಿಲ್ಲ. ಇಲ್ಲೂ ಹಾಗೇ ಮಾಡಿದ. ಕ್ಯಾಸೆಟ್ಟನ್ನು ಯಂತ್ರಕ್ಕೆ ಸಿಕ್ಕಿಸಿ ಅಂಗಡಿಯ ಟಿವಿ ಹಾಕಿದರೆ ಕತ್ತಿಯ ಹುಡುಗ ಇಪ್ಪತ್ತೈದು ವರ್ಷದ ಹಿಂದೆ ನಿಂತ ಜಾಗದಲ್ಲೇ ನಿಂತಿದ್ದ.

ಮೂರು ಸಲ ಆಡಿದರು, ಮೂರು ಸಲವೂ ಸೋತರು. ಚೌಕಚೌಕದ ಚಿತ್ರ, ಪೀಪಿಯಂಥ ಸಂಗೀತ. ಆದರೂ ಆಟದಲ್ಲಿ ಮೋಸವಿರಲಿಲ್ಲ. ಸೋತರೆ ತಪ್ಪು ತಮ್ಮದೇ ಎಂದು ತಿಳಿಯುತ್ತಿತ್ತು. ಭೈರೇಶನಿಗೆ ಅದು ಹಿಡಿಸಿದ್ದೂ ಅದಕ್ಕೇ. ನಾಲ್ಕನೇ ಸಲಕ್ಕೆ ಭುವನಾ ಹುಡುಗನ ಚೀಲ ತೆರೆದಳು. ಗಾಯ ವಾಸಿಮಾಡುವ ಮದ್ದು, ಒಂಬತ್ತು ಸೀಸೆ.

"ಇಷ್ಟೊಂದ್ ಮದ್ದು ಇಟ್ಕಂಡು ಹುಡುಗನ್ನ ಸಾಯಿಸ್ತಿದ್ದೀಯಲ್ಲೋ ಅಣ್ಣ."

"ಕಷ್ಟಕಾಲಕ್ಕೆ ಇರ್ಲಿ ಅಂತ."

"ಕೊನೇ ರಾಕ್ಷಸ ಕಣೋ ಇವನು. ಇನ್ನೆಂಥ ಕಷ್ಟ ಬರ್ಬೇಕು?"

ಅವರ ಮನೆಯಲ್ಲಿ ಹೊಸ ಸ್ಟೀಲ್ ಲೋಟಗಳು ನೆಂಟರಿಗೆಂದೇ ಅಟ್ಟದಲ್ಲಿರುತ್ತಿದ್ದವು. ನೆಂಟರು ಬಂದಾಗಲೂ ಇಳಿಯುತ್ತಿರಲಿಲ್ಲ. ಆ ಮನೆಯ ಮಕ್ಕಳು ಜಪಾನಿನ ಮದ್ದನ್ನೂ ಹಾಗೇ ಕಾಪಾಡಿದ್ದರು.

ಎಂಟು ಸೀಸೆ ಮುಗಿದ ಮೇಲೆ ರಾಕ್ಷಸ ಬಿದ್ದ. ಒಂದನ್ನು ಭೈರೇಶ ಆಗಲೂ ಉಳಿಸಿದ್ದ. ಪರದೆಯ ಮೇಲೆ ಸಾಲುಸಾಲು ಅಕ್ಷರ ಮೇಲೇರತೊಡಗಿತು.

"ಏನಂತೆ ಅದು?" ಎಂದಳು ಭುವನಾ.

"ಆಟ ಮಾಡಿದೋರ ಹೆಸ್ರಿರ್ಬೇಕು."

ಅಷ್ಟರಲ್ಲಿ ಮಂಡಿಯ ಮೃತ್ಯುಂಜಯ ಸಾವ್ಕಾರರು ಕೆಟ್ಟ ತಕ್ಕಡಿ ಹೊತ್ತು ಬಾಗಿಲಿಗೆ ಬಂದರು. "ಭೈರೇಶಾ, ಅರ್ಜೆಂಟ್ ಕಣಯ್ಯ ಇದು."

ಭೈರೇಶ ತಿರುಗಲಿಲ್ಲ. "ಕೂತ್ಕಳಿ ಸಾವ್ಕಾರ್ರೇ. ಇಷ್ಟು ಜನ ಸೇರಿ ಅಚ್ಚುಕಟ್ಟಾಗಿ ಮಾಡವ್ರೆ. ಹೆಸ್ರು ಪೂರ್ತಿ ಮುಗೀಲಿ."

ತಕ್ಕಡಿಯನ್ನು ನೆಲಕ್ಕಿಟ್ಟು ಸಾವ್ಕಾರರೂ ಕೂತರು.