ಕಣಜದ ತಳ

ನಾನು ಬಾಳ್ಳುಪೇಟೆಯ ಅಂಗಡಿ ಮನೆಯವಳು. ಅಕ್ಕಿ ಎಂದರೆ ಚೀಲದಲ್ಲಿ ಬಂದು ತಕ್ಕಡಿಯಲ್ಲಿ ಹೋಗುವ ವಸ್ತು ಎಂದೇ ತಿಳಿದು ಬೆಳೆದವಳು. ಮದುವೆಯಾಗಿ ಬೆಳಗೋಡಿನ ಕಡೆ ಬಂದಾಗ ನಡುಮನೆಯಲ್ಲಿ ಮಂಚಕ್ಕಿಂತ ದೊಡ್ಡ ಮರದ ಕಣಜ ಕಂಡು, ಇದರೊಳಗೆ ಯಾರನ್ನು ಕೂಡಿಹಾಕುತ್ತಾರೋ ಎಂದು ಹೆದರಿದ್ದೆ.

ಅದರ ಒಡತಿ ನಮ್ಮತ್ತೆ. ಹಳೆಯ ಭತ್ತ ತಳದಲ್ಲಿರುವಾಗಲೇ ಹೊಸದನ್ನು ಸುರಿಯಬೇಕು, ಕಣಜದ ತಳ ಕಣ್ಣಿಗೆ ಬೀಳಬಾರದು ಎಂಬುದು ಅವರ ಕಟ್ಟಳೆ. ಅನ್ನಕ್ಕಿಡುವಾಗಲೂ ಅಷ್ಟೇ, ಬಂದವರಿಗೆ ಇರಲಿ ಎಂದು ಒಂದು ಹಿಡಿ ಅಕ್ಕಿ ಹೆಚ್ಚು. ಆಷಾಢದಲ್ಲಿ ಊರಿನವರು ಮೊರ ಹಿಡಿದು ಹಿತ್ತಲ ಬಾಗಿಲಿಗೆ ಬರುತ್ತಿದ್ದರಂತೆ. ಭತ್ತ ಒಯ್ದವರು ನಾಟಿಗೆ ಮೊದಲು ನಮ್ಮ ಗದ್ದೆಗೇ ಇಳಿಯುತ್ತಿದ್ದರಂತೆ. ನಮ್ಮದು ದೊಡ್ಡಮನೆ ಆದದ್ದು ಮಾವನವರ ಮೀಸೆಯಿಂದಲ್ಲ, ಮಿಕ್ಕ ಭತ್ತದಿಂದ. ನಾನು ಹಾಗೆ ಹೇಳಿದರೆ ಅತ್ತೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಆಮೇಲೆ ಆನೆಗಳು ಬಂದವು. ಗದ್ದೆಯ ಪೈರು ತುಳಿದದ್ದು ಸಾಲದೆಂದು ಮನೆಯೊಳಗಿನ ಭತ್ತದ ವಾಸನೆಗೂ ಬರತೊಡಗಿದವು. ನನ್ನ ಗಂಡ ಕೊಯ್ದ ಭತ್ತವನ್ನು ಕಣದಿಂದಲೇ ಮಿಲ್ಲಿಗೆ ಕಳಿಸತೊಡಗಿದರು. ಮನೆಯಲ್ಲಿ ಉಳಿದದ್ದು ಕಣಜದ ತಳದ ಭತ್ತ ಮಾತ್ರ. ಅದನ್ನು ಮುಟ್ಟಲು ಅತ್ತೆ ಬಿಡಲಿಲ್ಲ.

ಕಳೆದ ಸುಗ್ಗಿಯ ನಂತರ ಒಂಟಿ ಆನೆಯೊಂದು ಪಕ್ಕದ ಮನೆಯ ಗೋಡೆ ಕೆಡವಿ ಭತ್ತದ ಚೀಲ ಎಳೆದುಕೊಂಡಿತು. ಚೀಲದ ಪಕ್ಕದಲ್ಲೇ ಮಲಗಿದ್ದ ಬಾಣಂತಿ, ಮಗು ಬದುಕಿದ್ದೇ ಪುಣ್ಯ. ನೋಡಿಕೊಂಡು ಬಂದ ಅತ್ತೆ ಪೊರಕೆ ತೆಗೆದುಕೊಂಡರು.

"ಖಾಲಿ ಮಾಡವ್ವ. ಮಿಗಿಸಿಟ್ಟಿದ್ದೇ ತಪ್ಪಾಗ್ಬುಡ್ತಲ್ಲ" ಎಂದರು.

ನಾನು ಚೀಲ ಹಿಡಿದೆ, ಅವರು ಕಣಜದೊಳಗಿಳಿದು ಗುಡಿಸಿದರು. ಹೊಟ್ಟು, ಧೂಳಿನ ಕೆಳಗೆ ತಳದ ಹಲಗೆ ಕಂಡಿತು, ಮೊನ್ನೆ ಕೊಯ್ದ ಮರದಷ್ಟು ಹೊಸದಾಗಿ.

"ನಮ್ಮತ್ತೇನೂ ಇದ್ನ ನೋಡಿರ್ಲಿಲ್ಲ ಕಣವ್ವ" ಎಂದು ಅಲ್ಲೇ ಕೂತು ಅತ್ತರು. ನನಗೂ ತಡೆಯಲಾಗಲಿಲ್ಲ. ಆನೆಯನ್ನು ಬೈಯೋಣವೆಂದರೆ ಅದರ ಕಾಡು ಕಡಿದು ತೋಟ ಮಾಡಿದವರು ನಾವೇ. ಇನ್ನು ಯಾರನ್ನು ಬೈಯುವುದು?

ಸಂಜೆ ಅಂಗಡಿಯ ಅಕ್ಕಿ ಪ್ಯಾಕೆಟ್ ಒಡೆದೆ. ಅತ್ತೆ ಎಂದಿನಂತೆ ಅಳೆದು ಪಾತ್ರೆಗೆ ಹಾಕಿದರು, ಮೇಲೊಂದು ಹಿಡಿ ತುಂಬಿಕೊಂಡರು. ಆ ಕೈ ಪಾತ್ರೆಯ ಮೇಲೆ ಹಾಗೇ ನಿಂತಿತು.

"ಯಾರಾದ್ರೂ ಬತ್ತಾರೇನವ್ವ ಇವತ್ತು?"

ಅಷ್ಟು ವರ್ಷದಲ್ಲಿ ಅವರು ಆ ಮಾತು ಕೇಳಿದ್ದು ಅದೇ ಮೊದಲು. ಇಲ್ಲ ಅತ್ತೆ ಅಂದೆ. ಹಿಡಿಯಲ್ಲಿದ್ದ ಅಕ್ಕಿಯನ್ನು ಪ್ಯಾಕೆಟ್ಟಿಗೆ ವಾಪಸ್ ಸುರಿದು, ಅದರ ಬಾಯಿ ಮಡಚಿಟ್ಟರು.