ಅಕ್ಕಿಬಂಡೆಯ ಸಂಶೋಧನೆ

ಚಕ್ಕುಲಿ ಹಿಟ್ಟಿಗೆಂದು ತೊಳೆದ ಅಕ್ಕಿಯನ್ನು ಮಹಡಿಯ ಮೇಲೆ ಹಳೆಯ ಪಂಚೆ ಹಾಸಿ ಹರವಿದ್ದೇನೆ. ಒದ್ದೆ ಅಕ್ಕಿಗೊಂದು ವಾಸನೆಯಿದೆ ನೋಡಿ, ಹಬ್ಬ ದೂರವಿದ್ದರೂ ಬಾಯಲ್ಲಿ ನೀರೂರಿಸುವಂಥದ್ದು. ಕೆಳಗಿನಿಂದ ನಮ್ಮ ಯಜಮಾನರು, "ಏನೇ, ಅಕ್ಕಿ ಆರ್ತಾ?" ಎಂದು ಕೂಗಿದರು. ನನಗೆ ನಗು ಬಂತು. ಬ್ಯಾಟರಾಯನಪುರದ ಮಹಡಿಯೊಂದರಲ್ಲಿ ಒಬ್ಬಳೇ ನಗುವ ಹೆಂಗಸನ್ನು ಎದುರುಮನೆಯವರು ಏನೆಂದುಕೊಂಡರೋ! ನಿಮಗಾದರೂ ಕಾರಣ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ರಾಜಾನುಕುಂಟೆಯ ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಟೀಚರ್. ಎಂಟನೆಯ ತರಗತಿಯ ಮಕ್ಕಳು ಊರೆಲ್ಲ ಸುತ್ತಿ, ಹಿರಿಯರನ್ನು ಕೇಳಿ, ತಮ್ಮೂರಿನ ಪರಂಪರೆಯ ಬಗ್ಗೆ ಚಾರ್ಟ್ ಬರೆಯಬೇಕೆಂದು ಆಜ್ಞೆಯಾಯಿತು. "ನಮ್ಮೂರಲ್ಲಿ ಏನೂ ಇಲ್ಲ ಮಿಸ್, ಲೇಔಟ್ ಇದೆ ಅಷ್ಟೆ" ಎಂದು ಮಕ್ಕಳು ಮುಖ ಸಪ್ಪಗೆ ಮಾಡಿದವು. ಕೋಟೆಯಿಲ್ಲದ ಊರಿಗೆ ಪರಂಪರೆ ಎಲ್ಲಿಂದ ಬರಬೇಕು? ನಿಜ ಹೇಳಬೇಕೆಂದರೆ ನನಗೂ ಅದೇ ಅನುಮಾನ.

ಕೊನೆಗೆ ಸಿಕ್ಕಿದ್ದು ಲೇಔಟಿನ ಅಂಚಿನ ಒಂದು ಬಂಡೆ. ಅದರ ಕಥೆ ಬಲ್ಲವರು ನಮ್ಮ ಕ್ಲಾಸಿನ ಲಾವಣ್ಯಳ ಅಜ್ಜಿ, ಮುನಿಯಮ್ಮ. ಲಾವಣ್ಯ ಮಾತ್ರ ಸುತರಾಂ ಒಪ್ಪಲಿಲ್ಲ. "ನಮ್ಮಜ್ಜಿಗೆ ಕಿವಿ ಕೇಳ್ಸಲ್ಲ ಮಿಸ್" ಎಂದಳು. ಆ ಕಿವಿ ಎಷ್ಟು ಚುರುಕೆಂದರೆ, ನಾವು ಗೇಟು ಮುಟ್ಟುವ ಮೊದಲೇ ಒಳಗಿನಿಂದ "ಯಾರವ್ವಾ ಅದು?" ಎಂದು ಕೂಗು ಬಂತು.

ಅಜ್ಜಿ ಬಂಡೆಯ ಮೇಲೇ ಕಾಲು ಚಾಚಿ ಕೂತು ಹೇಳಿದರು: "ಇದು ಅಕ್ಕಿಬಂಡೆ ಕಣ್ ಮೇಡಮ್ಮೋರೆ. ಒತ್ತಾರೆ ಬಂದ್ರೆ ಬಂಡೆ ತುಂಬ ಅಕ್ಕಿ. ಬಿಸ್ಲು ಏರ್ತಿದ್ದಂಗೆ ಎಲ್ಲ ಆರ್ತಿದ್ವು. ನೋಡಕ್ಕೆ ಎಲ್ಡು ಕಣ್ಣು ಸಾಲ್ತಿರ್ಲಿಲ್ಲ."

ಮರುದಿನವೇ ಚಾರ್ಟ್ ಸಿದ್ಧವಾಯಿತು: "ಅಕ್ಕಿಬಂಡೆ. ಪೂರ್ವಿಕರು ಅಕ್ಕಿ ಒಣಗಿಸುತ್ತಿದ್ದ ಸ್ಥಳ." ಒಬ್ಬ ಹುಡುಗನಂತೂ ಬಂಡೆಯ ತಗ್ಗಿನಲ್ಲಿ ಒರಳನ್ನೂ ಕಂಡುಹಿಡಿದ. ನಾನು ಅವನ ಬೆನ್ನು ತಟ್ಟಿದೆ. ರಾಗಿಮುದ್ದೆಯ ಈ ಸೀಮೆಯಲ್ಲಿ ಬಂಡೆ ತುಂಬುವಷ್ಟು ಅಕ್ಕಿ ಎಲ್ಲಿತ್ತು, ಅಕ್ಕಿಗೆ ಬಹುವಚನ ಯಾಕೆ ಬಂತು ಎಂದು ಈ ಕನ್ನಡ ಪಂಡಿತೆಗೆ ಹೊಳೆಯಲೇ ಇಲ್ಲ.

ಲಾವಣ್ಯಳಿಗೆ ಎಲ್ಲ ಗೊತ್ತಿತ್ತು. ಬಾಯಿ ಬಿಟ್ಟರೆ ಅಜ್ಜಿಗೆ ಹಕಾರ ಬರುವುದಿಲ್ಲವೆಂದು ಕ್ಲಾಸಿಗೆಲ್ಲ ತಿಳಿಯುತ್ತದೆ, ತನ್ನನ್ನು ಹಳ್ಳಿಗುಗ್ಗು ಎಂದು ಆಡಿಕೊಳ್ಳುತ್ತಾರೆ. ಬಿಡದಿದ್ದರೆ ಅಜ್ಜಿ ಹೇಳಿಯೇ ಇಲ್ಲದ ಮಾತು ಅಜ್ಜಿಯ ಹೆಸರಿನಲ್ಲಿ ಗೋಡೆಯೇರುತ್ತದೆ. ಆ ವಾರವೆಲ್ಲ ಊಟ ಸೇರಲಿಲ್ಲವೆಂದು ಆಮೇಲೆ ಅವಳೇ ಹೇಳಿದಳು. ನೆನೆದರೆ ಈಗಲೂ ಪಾಪ ಅನ್ನಿಸುತ್ತದೆ.

ಪ್ರದರ್ಶನದ ದಿನ ಅಜ್ಜಿ ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ಕೂತರು. ಒರಳಿನ ಹುಡುಗ ಅಕ್ಕಿ ಒಣಗಿಸುವ ವಿಧಾನವನ್ನು ಕೈಯಾಡಿಸಿ ವಿವರಿಸುತ್ತಿದ್ದ. ಅಜ್ಜಿ ಏನೂ ಅರ್ಥವಾಗದೆ ಮೊಮ್ಮಗಳ ಮುಖ ನೋಡಿದರು. ಲಾವಣ್ಯ ಎದ್ದೇಬಿಟ್ಟಳು.

"ಮಿಸ್, ಅದು ಊಟದ ಅಕ್ಕಿ ಅಲ್ಲ, ಹಕ್ಕಿ! ಆರ್ತಿದ್ವು ಅಂದ್ರೆ ಹಾರ್ತಿದ್ವು ಅಂತ. ನಮ್ಮಜ್ಜಿ ಮಾತಾಡೋದೇ ಹಂಗೆ."

ಎಲ್ಲರೂ ಗೊಳ್ಳೆಂದು ನಕ್ಕರು. ಹುಡುಗಿ ತಲೆ ತಗ್ಗಿಸಿದಳು. ಅಜ್ಜಿ ಎಲ್ಲರಿಗಿಂತ ಜೋರಾಗಿ ನಕ್ಕು, "ನಾನೂ ಅದ್ನೇ ಅಲ್ವಾ ಯೋಳಿದ್ದು? ಅಕ್ಕಿ! ರೆಕ್ಕೆ ಇರೋ ಅಕ್ಕಿ! ಆ ಬಂಡೆ ಮ್ಯಾಲೆ ಅನ್ನದಕ್ಕಿ ಆಕಿದ್ರೆ ನಮ್ಮಕ್ಕಿಗಳು ಬಿಡ್ತಿದ್ವಾ?" ಎಂದರು. ಎಂದವರೇ ಗಿಳಿಯ ಕೂಗು, ಗೊರವಂಕದ ಕೂಗು, ನವಿಲಿನ ಕೂಗು ಒಂದೊಂದಾಗಿ ತೆಗೆದರು. ಮಕ್ಕಳು ಒನ್ಸ್‌ಮೋರ್ ಎಂದವು. "ಲೇ ಲಾವಣ್ಯ, ನಿಮ್ಮಜ್ಜಿ ಸೂಪರ್ ಕಣೆ!" ಎಂದ ಒರಳಿನ ಹುಡುಗ.

ಚಾರ್ಟ್ ತಿದ್ದಲು ನಾನು ಕೆಂಪು ಪೆನ್ನು ತೆಗೆದೆ. ಲಾವಣ್ಯ ನನ್ನ ಕೈ ಹಿಡಿದಳು. "ಹೆಸರು ಹಂಗೇ ಇರ್ಲಿ ಮಿಸ್, ಅಜ್ಜಿ ಹೇಳ್ದಂಗೆ." ಒಣಗಿಸುವ ಸಾಲನ್ನು ಹೊಡೆದುಹಾಕಿ, 'ಅ' ಅಕ್ಷರಕ್ಕೆ ಎರಡು ರೆಕ್ಕೆ ಬರೆದಳು.

ಇಷ್ಟು ಹೇಳುವಷ್ಟರಲ್ಲಿ ಗೊರವಂಕವೊಂದು ಬಂದು ಪಂಚೆಯ ಅಂಚಿನಲ್ಲಿ ಕಾಳು ಹೆಕ್ಕುತ್ತಿದೆ. ಓಡಿಸಲು ಕೈಯೆತ್ತಿದವಳು ಸುಮ್ಮನಾದೆ. ಕೆಳಗಿನಿಂದ ಮತ್ತೆ ಕೂಗು: "ಏನೇ, ಆರ್ತಾ ಅಕ್ಕಿ?"

"ಇನ್ನೂ ಆರಿಲ್ಲ ಕಣ್ರೀ," ಎಂದೆ. "ಕೂತ್ಕೊಂಡು ತಿಂತೈತೆ."