ಮೊದಲ ಪ್ರಶ್ನೆಗೆ ಕಾದಿರುವ ಸೂಜಿ ಅತ್ತೆ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ಪಕ್ಕದ ಪುಟ್ಟ ಕೋಣೆಯಲ್ಲಿ ಟ್ಯೂಬ್‌ಲೈಟೊಂದು ಎರಡು ಸಲ ಮಿಣುಕಿ ಹೊತ್ತಿಕೊಳ್ಳುತ್ತದೆ. ಐವತ್ತೆರಡರ ಹೆಂಗಸೊಬ್ಬರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಾರೆ. ಹೊಲಿಗೆ ಮಷೀನಿನ ಮುಸುಕು ತೆಗೆದು ಎರಡು ಹನಿ ಎಣ್ಣೆ ಬಿಡುತ್ತಾರೆ. ಚಕ್ರವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಕಿವಿಯಾನಿಸಿ ಸದ್ದು ಕೇಳುತ್ತಾರೆ. ಹರಿದ ಬೆಡ್‌ಶೀಟುಗಳ ಗಂಟು ಬರಲು ಇನ್ನೂ ಅರ್ಧ ಗಂಟೆಯಿದೆ. ಆಗ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಫೋನು ತೆಗೆಯುತ್ತಾರೆ.

"ಯಾರಾದ್ರೂ ಹೊಸಬರು ಬಂದಿದಾರಾ ನೋಡೋಣ" ಅನ್ನುತ್ತಾರೆ, ಮನೆ ಬಾಗಿಲಿಗೆ ಯಾರೋ ಬಂದಂತೆ.

ಬಂದಿದ್ದಾರೆ. ಮನೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡವರ ಆನ್‌ಲೈನ್ ಗುಂಪದು, ನಲವತ್ತು ಸಾವಿರ ಮಂದಿ ಇದ್ದಾರೆ. ಇವತ್ತಿನ ಮೊದಲ ಪ್ರಶ್ನೆ: "ನನ್ನ ಮಷೀನು ಹೊಲಿಗೆ ಬಿಟ್ಟುಬಿಟ್ಟು ಹೊಲಿಯುತ್ತಿದೆ, ಯಾಕೆ?" ದಿನಕ್ಕೆ ಏಳೆಂಟು ಹೊಸಬರು ಬಂದರೆ ಅದರಲ್ಲಿ ಮೂರು ನಾಲ್ಕು ಮಂದಿ ಇದನ್ನೇ ಕೇಳುತ್ತಾರೆ. ಕಾರಣವೂ ಹೆಚ್ಚಾಗಿ ಒಂದೇ. ಸೂಜಿಯ ತಲೆಯ ಒಂದು ಬದಿ ಚಪ್ಪಟೆಯಾಗಿರುತ್ತದೆ. ಹೊಸಬರು ಅದನ್ನು ಹಿಂದುಮುಂದಾಗಿ ಸಿಕ್ಕಿಸಿರುತ್ತಾರೆ.

ಈಕೆ ನಿಧಾನವಾಗಿ, ಒಂದೇ ಬೆರಳಲ್ಲಿ ಟೈಪ್ ಮಾಡುತ್ತಾರೆ. ಉತ್ತರ ಯಾವಾಗಲೂ ಮೂರು ಸಾಲು. ಮೊದಲ ಸಾಲು, "ನಾನೂ ಹಾಗೇ ಹಾಕಿದ್ದೆ." ಎರಡನೆಯದು, ಸೂಜಿ ತಿರುಗಿಸುವುದು ಹೇಗೆ ಎಂದು. ಮೂರನೆಯದು, "ಏನು ಹೊಲೀತಾ ಇದ್ದೀರಿ?" ಎಂಟು ವರ್ಷಗಳಲ್ಲಿ ಈ ಮೂರು ಸಾಲನ್ನು ಎಷ್ಟು ಸಾವಿರ ಸಲ ಬರೆದಿದ್ದಾರೋ ಅವರಿಗೇ ಗೊತ್ತಿಲ್ಲ. ಗುಂಪಿನಲ್ಲಿ ಎಲ್ಲರೂ ಕರೆಯುವುದು ಸೂಜಿ ಅತ್ತೆ ಎಂದು. ಆಸ್ಪತ್ರೆಯಲ್ಲಿ ಈ ಹೆಸರು ಯಾರಿಗೂ ತಿಳಿಯದು. ಗುಂಪಿನವರಿಗೆ ಈ ಆಸ್ಪತ್ರೆ ತಿಳಿಯದು.

ನನಗೆ ಈಕೆ ಸಿಕ್ಕಿದ್ದೂ ಹೀಗೇ. ಹೋದ ವರ್ಷ ಪರದೆ ಗಿಡ್ಡ ಮಾಡಲು ಹಳೆಯ ಮಷೀನೊಂದನ್ನು ತಂದೆ. ಅದು ನನ್ನ ಮೇಲೆ ಹಗೆ ಸಾಧಿಸತೊಡಗಿತು. ನಾನು ಕೇಳಿದ ಪ್ರಶ್ನೆಗೆ "ಹಳೇ ಪೋಸ್ಟ್ ಹುಡುಕಿ", "ದಿನಾ ಇದೇ ಗೋಳು" ಎಂದು ನಾಲ್ವರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಐದನೆಯದು ಅತ್ತೆಯ ಉತ್ತರ. ಅವರ ಬಗ್ಗೆ ಬರೆಯಬೇಕೆನಿಸಿ, ಅವರನ್ನೇ ವಿಳಾಸ ಕೇಳಿಕೊಂಡು ಈ ಕೋಣೆಗೆ ಬಂದೆ. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ನಾನು ಪಳಗಿರುವ ಬೇರೊಂದು ಗುಂಪಿನಲ್ಲಿ ಹೊಸಬರಿಗೆ "ಹಳೇ ಪೋಸ್ಟ್ ಹುಡುಕಿ" ಎಂದು ಗದರುವುದು ನಾನೇ.

ಆರು ಗಂಟೆಗೆ ಗಂಟು ಬರುತ್ತದೆ. ದಿನಕ್ಕೆ ಅರವತ್ತು ಬೆಡ್‌ಶೀಟು, ಮೂವತ್ತು ನಲವತ್ತು ರೋಗಿಗಳ ಅಂಗಿ, ಲೆಕ್ಕವಿಲ್ಲದಷ್ಟು ದಿಂಬಿನ ಚೀಲ. ಹರಿದಲ್ಲಿ ತೇಪೆ, ಕಿತ್ತಲ್ಲಿ ಲಾಡಿ. ತೇಪೆಯ ಅಂಚನ್ನು ಒಳಗೆ ಮಡಚಿ, ಮೇಲೆ ಬೆರಳಾಡಿಸಿ ನೋಡುತ್ತಾರೆ. "ಮಲಗಿದವರಿಗೆ ಚುಚ್ಚಬಾರದು ನೋಡಿ. ಅವರಿಗೆ ಮೊದಲೇ ಸಾಕಷ್ಟು ಚುಚ್ಚಿರ್ತಾರೆ" ಎಂದು ತಾವೇ ನಗುತ್ತಾರೆ.

ಈ ಕೋಣೆಗೆ ಬರುವ ಮುಂಚೆ ಇದೇ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ನೆಲ ಒರೆಸುತ್ತಿದ್ದರು. ಮೊಣಕಾಲು ಕೈಕೊಟ್ಟಿತು. ಆಗ ಹೊಲಿಗೆ ಕೋಣೆಯಲ್ಲಿ ಇನ್ನೊಬ್ಬರು ಬೇಕಾಗಿದ್ದರು. ಹತ್ತು ದಿನ ಬಿಟ್ಟು ಪರೀಕ್ಷೆ, ಒಂದು ಶೀಟಿಗೆ ನೇರ ಹೊಲಿಗೆ ಹಾಕಿ ತೋರಿಸಿದರೆ ಸಾಕು. ಯಾರದೋ ಮನೆಯ ಹಳೆಯ ಮಷೀನು ತಂದು ಅಭ್ಯಾಸಕ್ಕೆ ಕೂತರು. ಸೂಜಿ ಮುರಿಯಿತು. ಹೊಸದು ಹಾಕಿದರು. ಅಲ್ಲಿಂದ ಮಷೀನು ಒಂದು ಹೊಲಿಗೆ ಹಾಕಿದರೆ ಎರಡು ಬಿಡುತ್ತಿತ್ತು. ಮಗಳು ಫೋನಿನಲ್ಲಿ ಗುಂಪು ತೋರಿಸಿಕೊಟ್ಟಳು. ಜೀವನದಲ್ಲಿ ಮೊದಲ ಸಲ ಅಪರಿಚಿತರ ಮುಂದೆ ಒಂದು ಪ್ರಶ್ನೆ ಬರೆದರು.

"ಹತ್ತೊಂಬತ್ತು ಜನ ಬರೆದ್ರು. ಒಬ್ಬರೂ ಸೂಜಿ ಸುದ್ದಿ ಎತ್ತಲಿಲ್ಲ. ಒಬ್ಬರಂತೂ 'ಇಷ್ಟೂ ಗೊತ್ತಿಲ್ಲದವರು ಗೋಂದು ಹಚ್ಚಿ ಬಟ್ಟೆ ಅಂಟಿಸ್ಕೊಳ್ಳಿ' ಅಂದ್ರು. ಅದಕ್ಕೆ ಇನ್ನೂರು ಜನ ನಕ್ಕಿದ್ರು. ಗೋಂದಿನ ಮಾತು ಚೆನ್ನಾಗೇ ಇತ್ತು ಬಿಡಿ. ನಗೋದಕ್ಕೆ ನನ್ನ ಕೈಲಿ ಆಗಲಿಲ್ಲ ಅಷ್ಟೇ."

ಮಷೀನು ಮಂಚದ ಕೆಳಗೆ ಹೋಯಿತು. ಪರೀಕ್ಷೆಗೆ ಈಕೆ ಹೋಗಲೇ ಇಲ್ಲ. ಮತ್ತೆ ಹದಿನಾಲ್ಕು ತಿಂಗಳು ನೋಯುವ ಮಂಡಿ ಊರಿ ನೆಲ ಒರೆಸಿದರು. ಒಂದು ದಿನ ಹೊಲಿಗೆ ಕೋಣೆಯ ಹಿರಿಯಾಕೆ, ಇದೇ ಕುರ್ಚಿಯಲ್ಲಿ ಕೂರುತ್ತಿದ್ದವರು, ಮಾತಿಗೆ ಮಾತು ಬಂದು ವಿಷಯ ಕೇಳಿಸಿಕೊಂಡರು. ಸಂಜೆ ಮನೆಗೇ ಬಂದು, ಮಂಚದ ಕೆಳಗಿನ ಮಷೀನು ಎಳೆದು, ಸೂಜಿ ಬಿಚ್ಚಿ ತಿರುಗಿಸಿ ಹಾಕಿದರು. ಒಂದು ನಿಮಿಷವೂ ಹಿಡಿಯಲಿಲ್ಲ.

"ಇಷ್ಟೇನಾ ಅಂತ ಅತ್ತುಬಿಟ್ಟೆ. ಹದಿನಾಲ್ಕು ತಿಂಗಳು ಕಣ್ರೀ, ಒಂದು ಸೂಜಿಗೆ! ಅವರು ನನ್ನ ಬೆನ್ನು ಸವರಿ, 'ನಾನೂ ಹಾಗೇ ಹಾಕಿದ್ದೆ ಮಾರಾಯ್ತಿ, ಏನು ಹೊಲೀತಿದ್ದೆ?' ಅಂದ್ರು." ಮುಂದಿನ ಸಲದ ಪರೀಕ್ಷೆಯಲ್ಲಿ ನೇರ ಹೊಲಿಗೆ ಹಾಕಿ ತೋರಿಸಿ ಈ ಕೋಣೆಗೆ ಬಂದರು. ಆ ಹಿರಿಯಾಕೆ ಈಗಿಲ್ಲ. ಅವರ ಎರಡು ಮಾತು ಮಾತ್ರ ದಿನಾ ಬೆಳಿಗ್ಗೆ ಈ ಕೋಣೆಯಿಂದ ಹೊರಡುತ್ತಿವೆ.

ಏನು ಹೊಲಿಯುತ್ತಿದ್ದೀರಿ ಎಂದು ಕೇಳುವುದು ಸುಮ್ಮನೆ ಅಲ್ಲ. ಹುಟ್ಟಲಿರುವ ಕೂಸಿಗೆ ಕುಲಾವಿ ಅಂದವರಿದ್ದಾರೆ. ತೀರಿಹೋದ ಗಂಡನ ಅಂಗಿಯನ್ನು ದಿಂಬಿನ ಚೀಲ ಮಾಡುತ್ತಿದ್ದೇನೆ ಅಂದವರೂ ಇದ್ದಾರೆ. "ಏನೂ ಇಲ್ಲದೆ ಯಾರು ಮಷೀನಿನ ಮುಂದೆ ಕೂರ್ತಾರೆ ಹೇಳಿ?" ಅನ್ನುತ್ತಾರೆ ಅತ್ತೆ.

ಮಗಳಿಗೆ ಅಮ್ಮನನ್ನು ಕಿಚಾಯಿಸದಿದ್ದರೆ ತಿಂದದ್ದು ಕರಗುವುದಿಲ್ಲ. "ನಮ್ಮಮ್ಮ ಸಂಬಳವಿಲ್ಲದ ವಾಚ್‌ಮನ್. ಆದ್ರೆ ಇವರ ಕೆಲಸ ಗೇಟು ತೆಗೆಯೋದು ಮಾತ್ರ, ಹಾಕೋದಲ್ಲ" ಅನ್ನುತ್ತಾಳೆ.

ಆ ಗೇಟು ಹಾಕುವ ಮಾತು ಮೂರು ತಿಂಗಳ ಹಿಂದೆ ನಿಜಕ್ಕೂ ಬಂತು. ಗುಂಪು ನಡೆಸುವ ಹಿರಿಯರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ನಲವತ್ತು ವರ್ಷ ಮಷೀನು ರಿಪೇರಿ ಮಾಡಿದ ಕೈ. ಅದದೇ ಪ್ರಶ್ನೆ ಕೇಳಿ ರೋಸಿಹೋಗಿ ಹೊಸ ನಿಯಮ ಮುಂದಿಟ್ಟರು: ಹೊಸಬರು ಮೊದಲ ತೊಂಬತ್ತು ದಿನ ಓದಬಹುದು, ಪ್ರಶ್ನೆ ಕೇಳುವಂತಿಲ್ಲ. ಭಾನುವಾರ ಮತದಾನ. ಹಳೆಯ ಹುಲಿಗಳೆಲ್ಲ ಸೈ ಅಂದರು. ಅತ್ತೆಗೆ ಊಟ ಸೇರಲಿಲ್ಲ. "ಹತ್ತು ದಿನದಲ್ಲಿ ಪರೀಕ್ಷೆ ಇರೋಳು ತೊಂಬತ್ತು ದಿನ ಎಲ್ಲಿಂದ ತರ್ತಾಳೆ?" ಎಂದು ಮನೆಯಲ್ಲಿ ಗೋಡೆಯನ್ನೂ ಗಂಡನನ್ನೂ ಕೇಳಿದರು.

ವಾದ ಮಾಡಿ ಅಭ್ಯಾಸವಿಲ್ಲದ ಜೀವ. ಕೊನೆಗೆ, ಎಲ್ಲರೂ ಹೇಳುವ ಹಾಗೆ ಹಳೇ ಪೋಸ್ಟ್ ಹುಡುಕಿದರು! ಮಗಳು ಜೊತೆಗೆ ಕೂತಳು. ಸಿಕ್ಕಿತು, ತಮ್ಮದೇ ಮೊದಲ ಪ್ರಶ್ನೆ, ಕೆಳಗೆ ಹತ್ತೊಂಬತ್ತು ಮಾತು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ಮಷೀನಿನ ಹಲಗೆ ಮೇಲೆ ಹರಡಿದರು. ಅಂದವರ ಒಂದೊಂದು ಹೆಸರಿನ ಮೇಲೂ ಒಂದೊಂದು ಅಂಗಿಗುಂಡಿ ಇಟ್ಟು ಮುಚ್ಚಿ, ಫೋಟೊ ತೆಗೆದು ಗುಂಪಿಗೆ ಹಾಕಿದರು. ಕೆಳಗೆ ಬರೆದದ್ದು ಇಷ್ಟೇ: "ಇದು ನನ್ನ ಮೊದಲ ಪ್ರಶ್ನೆ. ಉತ್ತರ ಸಿಗೋಕೆ ಹದಿನಾಲ್ಕು ತಿಂಗಳು ಆಯ್ತು."

ಹೆಸರು ಯಾಕೆ ಮುಚ್ಚಿದಿರಿ ಎಂದು ಕೇಳಿದೆ. "ತೋರಿಸಿದ್ರೆ ಅವರನ್ನ ನಗೆಪಾಟಲು ಮಾಡಿದ ಹಾಗಾಗ್ತಿತ್ತು. ಅದರ ರುಚಿ ನಂಗೆ ಗೊತ್ತಲ್ಲ."

ಎರಡು ಗಂಟೆ ಆದ ಮೇಲೆ ಮೇಷ್ಟ್ರು ಬರೆದರು: "ಗೋಂದಿನ ಮಾತು ನನ್ನದು ಅತ್ತೆ. ಮೂರನೇ ಗುಂಡಿ ಕೆಳಗಿರೋನು ನಾನೇ."

ಅತ್ತೆ ಉತ್ತರಿಸಿದರು: "ಗೊತ್ತಿತ್ತು ಮೇಷ್ಟ್ರೇ. ಅದಕ್ಕೇ ಅಲ್ಲಿಗೆ ಕೋಟಿನ ದೊಡ್ಡ ಗುಂಡಿ ಇಟ್ಟಿದ್ದು."

ಭಾನುವಾರ ನಿಯಮ ಬಿದ್ದುಹೋಯಿತು, ಹೆಚ್ಚೇನೂ ಅಂತರದಿಂದಲ್ಲ. ಕೆಲವರು ಮುಖ ಊದಿಸಿಕೊಂಡು ಗುಂಪು ಬಿಟ್ಟರು. ಹಳೇ ಪೋಸ್ಟ್ ಹುಡುಕಿ ಅನ್ನುವವರು ಈಗಲೂ ಇದ್ದಾರೆ. ನಾನು ನನ್ನ ಗುಂಪಿನಲ್ಲಿ ಹಾಗನ್ನುವುದನ್ನು ಬಿಟ್ಟಿದ್ದೇನೆ.

ನಿಮಗೇನು ಆಸೆ ಎಂದು ಕೇಳಿದರೆ ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಯೋಚಿಸುತ್ತಾರೆ. "ಒಂದು ದಿನ ಬೆಳಿಗ್ಗೆ ಬಂದು ಫೋನು ನೋಡಿದ್ರೆ, ನನಗಿಂತ ಮುಂಚೆ ಯಾರಾದ್ರೂ ಹೇಳಿಕೊಟ್ಟಿರಬೇಕು. ನಂಗೆ ಕೆಲಸವೇ ಇರಬಾರದು."

ಮರುದಿನವೂ ನಾನು ಆ ಕೋಣೆಗೆ ಹೋಗುತ್ತೇನೆ. ಐದೂವರೆಗೆ ಫೋನು ತೆಗೆದವರು ಅದನ್ನು ಕಣ್ಣಿನ ಹತ್ತಿರ ಹಿಡಿಯುತ್ತಾರೆ. ಮತ್ತೆ ಕನ್ನಡಕ ಒರೆಸಿ ನೋಡುತ್ತಾರೆ. ಹೊಲಿಗೆ ಬಿಡುತ್ತಿದೆ ಎಂದು ಯಾರೋ ಹೊಸಬರು ಕೇಳಿದ್ದಾರೆ. ಕೆಳಗೆ ಆಗಲೇ ಒಂದು ಉತ್ತರವಿದೆ, ಮೇಷ್ಟ್ರದು: "ಕಲಿಯುವಾಗ ನಾನೂ ಹಾಗೇ ಹಾಕಿದ್ದೆ. ಸೂಜಿಯ ಚಪ್ಪಟೆ ಬದಿ ನೋಡಿ, ತಿರುಗಿಸಿ ಹಾಕಿ." ಅತ್ತೆಯ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ.

ಆಸೆ ಕೈಗೂಡಿತಲ್ಲ, ಇನ್ನು ಫೋನು ಇಡಬಹುದು ಅನ್ನುತ್ತೇನೆ. ಅತ್ತೆ ಇಡುವುದಿಲ್ಲ. ಒಂದೇ ಬೆರಳಲ್ಲಿ ನಿಧಾನವಾಗಿ ಬರೆಯುತ್ತಾರೆ: "ಏನು ಹೊಲೀತಾ ಇದ್ದೀರಿ?"

"ಅದನ್ನ ಕೇಳೋದು ಮರ್ತಿದಾರೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಷೀನಿನ ಕಡೆ ತಿರುಗುತ್ತಾರೆ. "ಪಾಪ, ಮೇಷ್ಟ್ರು ಈ ಕೆಲಸಕ್ಕೆ ಇನ್ನೂ ಹೊಸಬರು. ಕಲೀತಾರೆ."